ಓರಿನ್ ಟ್ವೇಟ್ ಆರಿಸಿದ ಕೂಗು

ಆಲ್ಡರ್ ಫ್ಲಾಟ್ ಊರಿನಲ್ಲಿ ಓರಿನ್ ಟ್ವೇಟ್ ಇಳಿಯದ ನೆಲಮಾಳಿಗೆ ಇರಲಿಲ್ಲ. ಅಲ್ಲಿ ಕೂತು ಇಡೀ ಮನೆ ಬೆಚ್ಚಗಿಡುವ ಫರ್ನೇಸ್ ರಿಪೇರಿ ಮಾಡುವುದು ಅವನ ಕಸುಬು. ನಮ್ಮ ಮೊಂಟಾನಾದಲ್ಲಿ ಜನವರಿ ತಿಂಗಳು ಫರ್ನೇಸ್ ನಿಂತುಹೋದರೆ ಮೊದಲು ನೆನಪಾಗುತ್ತಿದ್ದದ್ದು ದೇವರಲ್ಲ, ಓರಿನ್. ಬರುತ್ತಿದ್ದ, ಬೂಟು ಕಳಚಿ ಮೆಟ್ಟಿಲ ಪಕ್ಕ ಜೋಡಿಸಿಡುತ್ತಿದ್ದ, ಕೆಳಗಿಳಿದು ಚರ್ಚಿನ ಯಾವುದೋ ಹಾಡನ್ನು ಅಪಸ್ವರದಲ್ಲಿ ಸಿಳ್ಳೆ ಹಾಕುತ್ತ ಕೆಲಸ ಮಾಡುತ್ತಿದ್ದ. ಹೊರಡುವಾಗ ಮನೆಯವರು ಕಾಡುಚೆರ್ರಿ ಜಾಮಿನ ಬಾಟಲಿಯನ್ನೋ ಹಣ್ಣು ತುಂಬಿದ ಅರ್ಧ ಪೈಯನ್ನೋ ಕೈಗಿಟ್ಟರೆ "ಅಯ್ಯೋ, ಇದೆಲ್ಲ ಯಾಕೆ" ಎನ್ನುತ್ತಲೇ ತೆಗೆದುಕೊಳ್ಳುತ್ತಿದ್ದ.

ಇದು ಅವನ ಒಂದು ಬದುಕು. ಇನ್ನೊಂದು ಆಕಾಶದಲ್ಲಿತ್ತು.

ನಮ್ಮದೊಂದು ದಳ. ಹದಿನಾಲ್ಕು ಜನ. ಅಂಚೆಯವನು, ಹಲ್ಲಿನ ಡಾಕ್ಟರು, ಹೈಸ್ಕೂಲಿನ ಲೆಕ್ಕದ ಟೀಚರು, ಗೋಧಿ ಬೆಳೆಯುವ ಇಬ್ಬರು ಅಣ್ಣತಮ್ಮಂದಿರು, ಹೀಗೆ. ಬೆಟ್ಟದಲ್ಲಿ ವಿಮಾನ ಬಿದ್ದರೆ, ನದಿ ಉಕ್ಕಿ ಊರು ಮುಳುಗಿದರೆ, ಕಾಡಿಗೆ ಬೆಂಕಿ ಬಿದ್ದರೆ ರಾಜ್ಯದ ತುರ್ತು ಕಚೇರಿಯಿಂದ ನಮಗೆ ಫೋನು ಬರುತ್ತಿತ್ತು. ಸಂಬಳ ಇಲ್ಲ, ಸಮವಸ್ತ್ರ ಇಲ್ಲ. ರಾಜ್ಯ ಕೊಟ್ಟ ಎರಡು ಹಳೇ ವಿಮಾನಗಳು, ಜೇಬಿನಲ್ಲೊಂದು ಗುರುತಿನ ಚೀಟಿ. ಆದರೂ ಫೋನು ಬಂದರೆ ಅಂಚೆಯವನು ಚೀಲ ಬಿಟ್ಟು, ಡಾಕ್ಟರು ಬಾಯಿ ತೆರೆದು ಕೂತವರನ್ನು ಹಾಗೇ ಬಿಟ್ಟು ಓಡಿ ಬರುತ್ತಿದ್ದರು. ನನಗೆ ವಿಮಾನ ಹಾರಿಸಲು ಬಾರದು. ನಾನು ನಡೀನ್, ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿಯಲ್ಲಿ ಕೆಲಸ. ವಿಮಾನ ನಿಲ್ದಾಣದ ಕೊಠಡಿಯಲ್ಲಿ ರೇಡಿಯೋ ಮುಂದೆ ಕೂತು, ಯಾರು ಎಷ್ಟು ಹೊತ್ತಿಗೆ ಏನು ಹೇಳಿದರು ಎಂದು ಪುಸ್ತಕದಲ್ಲಿ ಬರೆಯುವುದು ನನ್ನ ಪಾಲಿನ ಸೇವೆ.

ಒಂಬತ್ತು ವರ್ಷದಿಂದ ಓರಿನ್ ದಳದ ಮುಖ್ಯಸ್ಥ. ನೆಲದ ಮೇಲೆ ಎಷ್ಟು ಮೆತ್ತಗೋ ದಳದಲ್ಲಿ ಅಷ್ಟು ಬಿಗಿ. ಅವನದೊಂದು ಕಟ್ಟುನಿಟ್ಟಾದ ನಿಯಮವಿತ್ತು. ಪ್ರತಿ ವಿಮಾನದ ಬಾಲದಲ್ಲೂ ಕಿತ್ತಳೆ ಬಣ್ಣದ ಪೆಟ್ಟಿಗೆಯೊಂದು ಇರುತ್ತದೆ. ವಿಮಾನ ನೆಲಕ್ಕೆ ಬಡಿದರೆ ಆ ಏಟಿಗೆ ಅದು ತಾನಾಗಿಯೇ ರೇಡಿಯೋದಲ್ಲಿ ಕೂಗತೊಡಗುತ್ತದೆ. ನಾವು ಅದನ್ನು ಕೂಗುಪೆಟ್ಟಿಗೆ ಎನ್ನುತ್ತಿದ್ದೆವು. ತೊಂದರೆ ಏನೆಂದರೆ, ಬಿದ್ದರೂ ಕೂಗುತ್ತದೆ, ಜೋರಾಗಿ ಇಳಿದರೂ ಕೂಗುತ್ತದೆ. ಆದ್ದರಿಂದ ಇಳಿದ ಮೇಲೆ, ಇಂಜಿನ್ ಆರಿಸುವ ಮುಂಚೆ, ರೇಡಿಯೋವನ್ನು ಆ ತರಂಗಕ್ಕೆ ತಿರುಗಿಸಿ ಹತ್ತು ಎಣಿಸಬೇಕು. ಏನೂ ಕೇಳದಿದ್ದರೆ ಮಾತ್ರ ವಿಮಾನದಿಂದ ಹೊರಗೆ ಬರಬೇಕು. ಹಿಂದಿನ ವರ್ಷ ಹಲ್ಲಿನ ಡಾಕ್ಟರು ಇದನ್ನು ಮರೆತು, ಬೀಳದ ವಿಮಾನವನ್ನು ಹುಡುಕುತ್ತ ನಮಗೆಲ್ಲ ಒಂದು ಭಾನುವಾರ ಹಾಳಾಗಿತ್ತು. ಓರಿನ್ ಅವರನ್ನು ಸಭೆಯಲ್ಲಿ ಎದ್ದು ನಿಲ್ಲಿಸಿ ನಿಯಮವನ್ನು ಮೂರು ಸಲ ಹೇಳಿಸಿದ್ದ. ನಾವು ನಕ್ಕಿದ್ದೆವು. ಡಾಕ್ಟರು ನಕ್ಕಿರಲಿಲ್ಲ.

ಎಂಬತ್ತೇಳನೇ ಇಸವಿಯ ಅಕ್ಟೋಬರ್. ಓರಿನ್‌ಗೆ ಅರವತ್ತೊಂದು. ಅವನ ಎಡಗಣ್ಣು ಮಂಜಾಗುತ್ತ ಬಂದಿತ್ತು. ಅದು ಅವನ ಹೆಂಡತಿ ಲವಾನ್‌ಗೆ ಬಿಟ್ಟರೆ ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ಡಿಸೆಂಬರಿನಲ್ಲಿ ಪೈಲಟ್‌ಗಳ ವೈದ್ಯಕೀಯ ಪರೀಕ್ಷೆ ಇತ್ತು. "ಅವರು ಬೇಡ ಅನ್ನೋಕೆ ಮುಂಚೆ ನೀನೇ ಸಾಕು ಅನ್ನು" ಎಂದು ಲವಾನ್ ಬೇಸಿಗೆಯಿಂದ ಹೇಳುತ್ತಲೇ ಇದ್ದಳು. ಅವನು ಕಿವಿಗೆ ಹಾಕಿಕೊಳ್ಳಲಿಲ್ಲ.

ಊರಿನಿಂದ ಹನ್ನೆರಡು ಮೈಲಿ ಆಚೆ, ಬೆಲ್ವೆದರ್ ಬೆಟ್ಟದ ಬುಡದಲ್ಲಿ ಅವನ ಮನೆ. ಮನೆಯ ಹಿಂದೆ ಹುಲ್ಲಿನ ರನ್‌ವೇ, ತಗಡಿನ ಶೆಡ್ಡು, ಅದರೊಳಗೆ ಅವನ ಸ್ವಂತ ಪುಟ್ಟ ವಿಮಾನ. ಆ ಗುರುವಾರ ಮಧ್ಯಾಹ್ನ ಸುಮ್ಮನೆ ಒಂದು ಸುತ್ತು ಹಾರಿ ಇಳಿಯುವಾಗ ಅಡ್ಡಗಾಳಿ ಹೊಡೆಯಿತು. ನೆಲ ಇನ್ನೂ ಕೆಳಗಿದೆ ಅಂದುಕೊಂಡಿದ್ದ, ಇರಲಿಲ್ಲ. ವಿಮಾನ ದಡ್ಡನೆ ಬಡಿದು, ಪುಟಿದು, ಮತ್ತೆ ಬಡಿದು, ಬೇಲಿಯ ಹತ್ತಿರ ಹೋಗಿ ನಿಂತಿತು. ನೋಡಿದ್ದು ಬೇಲಿಯಾಚೆಯ ದನಗಳು ಮಾತ್ರ. ಲವಾನ್ ಚರ್ಚಿನಲ್ಲಿ ಹೆಂಗಸರ ಜೊತೆ ಲೆಫ್ಸೆ ರೊಟ್ಟಿ ಲಟ್ಟಿಸುತ್ತಿದ್ದಳು. ರಸ್ತೆಯಲ್ಲಿ ಯಾರದೋ ಪಿಕಪ್ ಬರುವ ಸದ್ದು ಕೇಳಿ ಓರಿನ್ ಇಂಜಿನ್ ಆರಿಸಿ, ಕೆಳಗೆ ಧುಮುಕಿ, ಅರವತ್ತೊಂದರ ವಯಸ್ಸಿನಲ್ಲಿ ಒಬ್ಬನೇ ವಿಮಾನವನ್ನು ಶೆಡ್ಡಿಗೆ ತಳ್ಳಿದ. ಬಾಗಿಲೆಳೆಯಲು ಕೈಯಲ್ಲಿ ಬಲ ಉಳಿದಿರಲಿಲ್ಲ, ಹಾಗೇ ತೆರೆದುಬಿಟ್ಟ. ಚಕ್ರ ನೋಡಿದ, ಅದರ ಕಂಬಿ ನೋಡಿದ. ಎಲ್ಲೂ ಸೊಟ್ಟಗಾಗಿರಲಿಲ್ಲ. ಒಳಗೆ ಹೋಗಿ ಕಾಫಿ ಕಾಯಿಸಿ ಕುಡಿದ.

ಹತ್ತು ಎಣಿಸಲಿಲ್ಲ.

ಶುಕ್ರವಾರ ಬೆಳಿಗ್ಗೆ ರಾಜ್ಯದ ಕಚೇರಿಯಿಂದ ಫೋನು. ಬೆಲ್ವೆದರ್ ಬೆಟ್ಟದ ಸುತ್ತ ಎಲ್ಲೋ ಕೂಗುಪೆಟ್ಟಿಗೆಯೊಂದು ಕೂಗುತ್ತಿದೆ, ಉಪಗ್ರಹಕ್ಕೆ ಕೇಳಿಸಿದೆ, ಹುಡುಕಿ. ಎಲ್ಲಿ ಎಂದು ಸರಿಯಾಗಿ ಹೇಳಲು ಆಗಿನ ಉಪಗ್ರಹಗಳಿಗೆ ಬರುತ್ತಿರಲಿಲ್ಲ. ನಕ್ಷೆಯ ಮೇಲೆ ಹದಿನೈದು ಮೈಲಿ ಅಗಲದ ಒಂದು ವೃತ್ತ, ಅಷ್ಟೇ. ಅದರ ಅಂಚಿನೊಳಗೆ ಓರಿನ್‌ನ ಮನೆಯೂ ಇತ್ತು, ಇನ್ನೂ ಮೂವತ್ತು ಮನೆಗಳಿದ್ದವು. ಯಾವ ವಿಮಾನವೂ ಕಾಣೆಯಾದ ದೂರಿಲ್ಲ. ಆದರೆ ನಮ್ಮ ಕಡೆ ಎಷ್ಟೋ ಜನ ಹೇಳದೆ ಕೇಳದೆ ಹಾರುವವರೇ.

ನಾನು ರೇಡಿಯೋ ತಿರುಗಿಸಿದೆ. ಧಾನ್ಯದ ಗೋದಾಮಿನ ತುದಿಯಲ್ಲಿದ್ದ ನಮ್ಮ ಆಂಟೆನಾಗೆ ಅದು ಸಣ್ಣಗೆ ಸಿಕ್ಕಿತು. ಮೇಲಿನಿಂದ ಕೆಳಕ್ಕೆ ಜಾರುವ ಸ್ವರ, ಮತ್ತೆ ಮೇಲಕ್ಕೆ, ಮತ್ತೆ ಜಾರುವುದು. ಎಳೆಗೂಸು ಅತ್ತು ಅತ್ತು ಸುಸ್ತಾದ ಹಾಗೆ.

ಡೆಲ್ ಕುಚೆರಾ ಮೊದಲು ಹಾರಿದಳು. ಲೆಕ್ಕದ ಟೀಚರು, ಮೂವತ್ತೆಂಟು ವಯಸ್ಸು, ಉದ್ದ ಕಾಲಿನ ಹೆಂಗಸು, ನಮ್ಮಲ್ಲೆಲ್ಲ ಒಳ್ಳೆಯ ಪೈಲಟ್. ಪಕ್ಕದಲ್ಲಿ ನೆಲ ನೋಡಲು ಅಂಚೆಯ ಗಸ್ ಯೋಡರ್. ಕೂಗು ಬರುವ ದಿಕ್ಕು ತೋರಿಸುವ ಅವಳ ಸೂಚಿಮುಳ್ಳು ಬೆಟ್ಟದ ಪೂರ್ವದ ಬಂಡೆಗೋಡೆಯತ್ತ ತೋರಿಸಿತು. ಗೋಧಿಯ ಅಣ್ಣತಮ್ಮಂದಿರು ಹಾರಿದಾಗಲೂ ಅಷ್ಟೇ. ಓರಿನ್‌ನ ಶೆಡ್ಡಿನ ತೆರೆದ ಬಾಗಿಲು ಬೆಟ್ಟಕ್ಕೆ ಎದುರಾಗಿತ್ತು. ಕೂಗು ಆ ಬಾಗಿಲಿನಿಂದ ಹೊರಟು ಬಂಡೆಗೆ ಬಡಿದು ಹಿಂತಿರುಗುತ್ತಿತ್ತು. ಇದು ಆಮೇಲೆ ತಿಳಿದದ್ದು. ಆಗ ನಮಗೆ ಗೊತ್ತಿದ್ದದ್ದು ಒಂದೇ: ಆ ಬಂಡೆಗಳ ನಡುವೆ ಯಾರೋ ಬಿದ್ದಿದ್ದಾರೆ.

ಊರಿನ ರೇಡಿಯೋ ಸುದ್ದಿ ಹೇಳಿದ ಒಂದು ಗಂಟೆಗೆ ಅಯೋನ್ ಪೆಟ್ರಾಕ್ ಬಂದಳು. ನದಿಯಾಚೆ ದನ ಸಾಕುವ ಮನೆಯ ಹೆಂಗಸು. ಕೈಯಲ್ಲಿ ಹಂದಿಮಾಂಸದ ಸ್ಯಾಂಡ್‌ವಿಚ್‌ಗಳ ದೊಡ್ಡ ತಟ್ಟೆ, ಕಣ್ಣು ಕೆಂಪು.

"ನನ್ನ ತಮ್ಮ ಇರ್ಬಹುದು. ರೂಬೆನ್. ಹಳದಿ ವಿಮಾನ, ಬರೀ ತೇಪೆ. ಮೂರು ವಾರ ಆಯ್ತು ಫೋನಿಲ್ಲ. ನಾನೇ ಬೈದಿದ್ದೆ, ಇನ್ನು ಈ ಮನೆಗೆ ಕಾಲಿಡಬೇಡ ಅಂತ."

ಓರಿನ್ ಅವಳನ್ನು ಕುರ್ಚಿಯಲ್ಲಿ ಕೂರಿಸಿದ. "ಅಯೋನ್, ಅದು ಅವನೇ ಅಂತ ಯಾರೂ ಹೇಳಿಲ್ಲ."

"ಅಲ್ಲ ಅಂತಾನೂ ಹೇಳಿಲ್ಲವಲ್ಲ. ಅದು ಕೂಗ್ತಾ ಇದೆ ಅಂದ್ರೆ ಜೀವ ಇದೆ ಅಂತ ಅಲ್ವಾ?"

"ಪೆಟ್ಟಿಗೆ ಕೂಗ್ತಾ ಇದೆ ಅಂತ ಅರ್ಥ."

"ನೀವು ಬಿಡೋರಲ್ಲ ಅಂತ ನಂಗೊತ್ತು," ಎಂದು ಅವನ ಎರಡೂ ಕೈ ಹಿಡಿದುಕೊಂಡಳು. "ನಮ್ಮ ಮನೆ ಫರ್ನೇಸ್‌ಗೆ ಕ್ರಿಸ್‌ಮಸ್ ದಿನ ಬಂದಿದ್ರಿ."

ಅಯೋನ್ ಆ ಇಡೀ ದಿನ ನನ್ನ ಪಕ್ಕದಲ್ಲೇ ಕೂತು ಆ ಸ್ವರವನ್ನು ಕೇಳಿದಳು. ಶನಿವಾರ ಬೆಳಿಗ್ಗೆ ಮತ್ತೆ ಬಂದಳು. ನಡುನಡುವೆ "ಇನ್ನೂ ಕೇಳ್ತಿದೆಯಲ್ಲ" ಎನ್ನುವಳು. "ಕೇಳ್ತಿದೆ" ಎನ್ನುವೆ.

ಶನಿವಾರ ಮಧ್ಯಾಹ್ನದ ಹೊತ್ತಿಗೆ ಪಶ್ಚಿಮದಲ್ಲಿ ಮೋಡ ಕಟ್ಟಿತು. ಮಧ್ಯಾಹ್ನ ಮೂರು ಗಂಟೆಯ ಹೊತ್ತಿಗೆ ಹಿಮ ಬೀಳುತ್ತದೆ ಎಂದು ಹವಾಮಾನದವರು ಹೇಳಿದರು. ಶುಕ್ರವಾರ ರಾತ್ರಿ ನಿಲ್ದಾಣದಲ್ಲೇ ಮಲಗಿದ್ದ ಓರಿನ್ ತನ್ನ ದಪ್ಪ ಕೋಟನ್ನೂ ಬೆಟ್ಟದ ಹಳೇ ನಕ್ಷೆಯೊಂದನ್ನೂ ತರಲು ಮನೆಗೆ ಹೋದ. ಹುಡುಕಾಟ ಶುರುವಾದ ಮೇಲೆ ಕೈಯಲ್ಲಿ ಹಿಡಿಯುವಂಥ ಒಂದು ಚಿಕ್ಕ ರೇಡಿಯೋವನ್ನು ಕೂಗಿನ ತರಂಗಕ್ಕೆ ತಿರುಗಿಸಿ ಪಿಕಪ್ಪಿನಲ್ಲಿ ಇಟ್ಟುಕೊಂಡಿದ್ದ. ಮನೆಯ ತಿರುವಿನಲ್ಲಿ ಹೊರಳಿದ್ದೇ ತಡ ಅದು ಕಿರುಚತೊಡಗಿತು. ಶೆಡ್ಡಿನ ಹತ್ತಿರ ಹೋದಂತೆ ಕಿವಿ ಕಿತ್ತುಹೋಗುವಷ್ಟು ಕಿರುಚಿತು.

ಬಾಲದ ಮುಚ್ಚಳ ತೆಗೆದು, ಕಿತ್ತಳೆ ಪೆಟ್ಟಿಗೆಯ ಗುಂಡಿಯನ್ನು ಒತ್ತಿದ. ನಿಂತಿತು.

ಅಲ್ಲಿ ಎಷ್ಟು ಹೊತ್ತು ನಿಂತಿದ್ದನೋ ತನಗೇ ಗೊತ್ತಿಲ್ಲ ಎಂದು ಆಮೇಲೆ ಹೇಳಿದ. ಹಲ್ಲಿನ ಡಾಕ್ಟರ ಮುಖ ನೆನಪಾಯಿತಂತೆ. ಮನೆಯ ಫೋನಿನ ಹತ್ತಿರ ಹೋದ, ಕೈಗೆತ್ತಿಕೊಂಡ, ಇಟ್ಟ. ಎದುರಿಗೇ ಹೋಗಿ ಹೇಳಿದರೆ ಸರಿ ಎಂದು ತನಗೆ ತಾನೇ ಹೇಳಿಕೊಂಡ. ಹನ್ನೆರಡು ಮೈಲಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದ. ಮೊದಲು ನಗುತ್ತ ಹೇಳುವುದೋ, ಗಂಭೀರವಾಗಿ ಹೇಳುವುದೋ ಎಂದು ಯೋಚಿಸಿದ್ದನಂತೆ. ಕೋಟನ್ನು ತರಲು ಮರೆತಿದ್ದ.

ಇತ್ತ ನನ್ನ ರೇಡಿಯೋದಲ್ಲಿ ಸ್ವರ ಹನ್ನೆರಡು ಐವತ್ತೆರಡಕ್ಕೆ ನಿಂತಿತ್ತು. ನಾನು ಬರೆದುಕೊಂಡೆ. ಅಯೋನ್ ಕುರ್ಚಿಯಿಂದ ಎದ್ದಳು, ಮತ್ತೆ ಕೂತಳು, ತಟ್ಟೆಯ ಮೇಲೆ ಮುಚ್ಚಿದ್ದ ಬಟ್ಟೆಯನ್ನು ಮಡಿಸಿದಳು, ಬಿಚ್ಚಿದಳು. ಓರಿನ್ ಬಾಗಿಲು ತಳ್ಳಿಕೊಂಡು ಒಳಗೆ ಬಂದಾಗ ಒಂದು ಹದಿನೈದು. ಅದನ್ನೂ ಬರೆದೆ. ಬರುವವರ ಹೋಗುವವರ ಹೊತ್ತನ್ನೆಲ್ಲ ಬರೆಯುವುದು ನನ್ನ ಅಭ್ಯಾಸ.

"ಸಿಗ್ನಲ್ ನಿಂತೋಯ್ತು ಓರಿನ್," ಎಂದೆ.

ಅವನು ಬಾಯಿ ತೆರೆದ. ಅಷ್ಟರಲ್ಲಿ ಡೆಲ್ ಕೈಗವಸು ಹಾಕಿಕೊಳ್ಳುತ್ತ ಮುಂದೆ ಬಂದಳು. "ಚಳಿಗೆ ಬ್ಯಾಟರಿ ಸತ್ತಿರುತ್ತೆ. ಎರಡು ದಿನ ಕೂಗಿದೆಯಲ್ಲ. ಇವತ್ತು ಸಿಗದಿದ್ರೆ ಇನ್ನು ವಸಂತಕ್ಕೇ ಸಿಗೋದು. ನಾನು ಬಂಡೆಗೋಡೆ ಹತ್ರ ಇನ್ನೂ ಒಂದ್ಸಲ, ಸ್ವಲ್ಪ ಕೆಳಗಿಂದ ನೋಡಿ ಬರ್ತೀನಿ. ಹಿಮಕ್ಕೆ ಇನ್ನೂ ಎರಡು ಗಂಟೆ ಇದೆ. ಹೋಗ್ಲಾ?"

ಕೊಠಡಿಯಲ್ಲಿ ಒಂಬತ್ತು ಜನ ಇದ್ದೆವು. ಅಯೋನ್ ಅವನನ್ನೇ ನೋಡುತ್ತಿದ್ದಳು. ಡಾಕ್ಟರೂ ನೋಡುತ್ತಿದ್ದರು.

"ಓರಿನ್? ಹೋಗ್ಲಾ ಬೇಡ್ವಾ? ಹೊತ್ತಿಲ್ಲ."

"ಒಂದು ಗಂಟೆ," ಎಂದ ಓರಿನ್. "ಒಂದೇ ಒಂದು ಗಂಟೆ. ಮೋಡ ಇಳಿದ್ರೆ ವಾಪಸ್ ಬಂದುಬಿಡು."

ಡೆಲ್, ಗಸ್ ಹೊರಟರು. ಓರಿನ್ ಕಿಟಕಿಯ ಹತ್ತಿರ ನಿಂತ. ಅವನ ಮುಖ ಸುಣ್ಣದ ಹಾಗಿತ್ತು. ನನ್ನ ಕಣ್ಣು ಪುಸ್ತಕದ ಮೇಲಿತ್ತು. ಹನ್ನೆರಡು ಐವತ್ತೆರಡು, ಒಂದು ಹದಿನೈದು. ಅವನ ಮನೆಯಿಂದ ಇಲ್ಲಿಗೆ ಇಪ್ಪತ್ತು ನಿಮಿಷದ ದಾರಿ. ಆ ಯೋಚನೆ ಬಂತು. ಬಂದದ್ದು ನಿಜ, ಇಂದು ಮುಚ್ಚಿಟ್ಟು ಪ್ರಯೋಜನವಿಲ್ಲ. ಓರಿನ್‌ನ ಬಗ್ಗೆ ಹಾಗೆ ಯೋಚಿಸಿದ್ದಕ್ಕೆ ನನಗೇ ನಾಚಿಕೆಯಾಗಿ ಪುಟ ತಿರುಗಿಸಿದೆ.

ಹಿಮ ಮೂರು ಗಂಟೆಗೆ ಬರಲಿಲ್ಲ, ಎರಡಕ್ಕೇ ಬಂತು. ಎರಡು ಹತ್ತಕ್ಕೆ ಡೆಲ್‌ಳ ದನಿ: "ಏನೂ ಕಾಣ್ತಿಲ್ಲ. ಕಣಿವೆಯಲ್ಲಿ ತಿರುಗ್ತಾ ಇದೀನಿ. ಕೆಳಗೆ ಹುಲ್ಲುಗಾವಲು ಇದೆ, ಅಲ್ಲೇ..." ಆಮೇಲೆ ದನಿಯಿಲ್ಲ. ಅರ್ಧ ನಿಮಿಷಕ್ಕೆ ನನ್ನ ರೇಡಿಯೋದಲ್ಲಿ ಅದೇ ಜಾರುವ ಸ್ವರ ಮತ್ತೆ ಶುರುವಾಯಿತು. ಈ ಸಲ ಅದು ನಮ್ಮದೇ ವಿಮಾನದ್ದು.

"ಮತ್ತೆ ಬಂತು!" ಎಂದು ಅಯೋನ್ ಎದ್ದು ನಿಂತಳು. "ಬ್ಯಾಟರಿ ಸತ್ತಿಲ್ಲ!"

ಓರಿನ್ ಆಗಲೇ ಬಾಗಿಲಾಚೆ ಇದ್ದ. ಕೋಟಿಲ್ಲದೆ.

ಶೆರಿಫ್‌ನ ಪೊಲೀಸರ ಜೊತೆ ಓರಿನ್ ನಾಲ್ಕು ಮೈಲಿ ಹಿಮದಲ್ಲಿ ಏರಿ ಅವರನ್ನು ತಲುಪಿದ್ದು ಕತ್ತಲಾಗುವ ಹೊತ್ತಿಗೆ. ಗಸ್‌ಗೆ ಎರಡು ಬೆರಳು ಹಿಮಕ್ಕೆ ಸತ್ತಿದ್ದು ಬಿಟ್ಟರೆ ಏನೂ ಆಗಿರಲಿಲ್ಲ. ಡೆಲ್‌ಳ ಬಲಗಾಲು ಇಂಜಿನ್ ಕೆಳಗೆ ಸಿಕ್ಕಿ ಮೊಣಕಾಲಿನಿಂದ ಕೆಳಕ್ಕೆ ನಾಲ್ಕು ಕಡೆ ಮುರಿದಿತ್ತು. ಸ್ಟ್ರೆಚರಿನ ಒಂದು ತುದಿಯನ್ನು ಓರಿನ್ ಹೊತ್ತ. ಯಾರು ಕೇಳಿದರೂ ಕೊಡಲಿಲ್ಲ. "ಸಾರಿ ಓರಿನ್, ದಳದ ವಿಮಾನ ಮುರಿದು ಹಾಕಿದೆ," ಎಂದು ಡೆಲ್ ದಾರಿಯಲ್ಲಿ ಹೇಳಿದಳಂತೆ.

ಭಾನುವಾರ ಪಕ್ಕದ ಜಿಲ್ಲೆಯವರು ಬಂದು ಹುಡುಕಾಟ ಮುಂದುವರಿಸಿದರು. ಅಂದು ಸಂಜೆ ರೂಬೆನ್ ನೆವಾಡಾದಿಂದ ಅಕ್ಕನಿಗೆ ಫೋನು ಮಾಡಿದ. ಯಾವುದೋ ಊರಿನಲ್ಲಿ ಬಾವಿ ಕೊರೆಯುವ ಕೆಲಸ ಸಿಕ್ಕಿದೆ, ಚೆನ್ನಾಗಿದ್ದೇನೆ ಎಂದ. ಸೋಮವಾರ ರಾಜ್ಯದ ಕಚೇರಿ ಕಡತ ಮುಚ್ಚಿತು: ಸಿಗ್ನಲ್‌ನ ಮೂಲ ಪತ್ತೆಯಾಗಿಲ್ಲ. ಓರಿನ್‌ಗೆ ಒಂದು ಪತ್ರ ಬಂತು, ದಳದ ಧೈರ್ಯಕ್ಕೂ ಮುಖ್ಯಸ್ಥನ ಮುಂದಾಳತ್ವಕ್ಕೂ ವಂದನೆಗಳೆಂದು. ಲವಾನ್ ಅದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು. ಅವಳು ಮಲಗಿದ ಮೇಲೆ ಓರಿನ್ ಅದನ್ನು ಕಿತ್ತು ಡ್ರಾಯರಿನಲ್ಲಿ ಹಾಕಿದ. ಬೆಳಿಗ್ಗೆ ಅವಳು ಮತ್ತೆ ಅಂಟಿಸಿದಳು. ಹೀಗೆ ಮೂರು ದಿನ ನಡೆಯಿತು. ನಾಲ್ಕನೆಯ ದಿನ ಬೆಳಗಿನ ತಿಂಡಿಯ ಹೊತ್ತಿಗೆ ಲವಾನ್ ಕೇಳಿದಳು.

"ಏನಾಯ್ತು ಹೇಳು."

ಹೇಳಿದ. ಲವಾನ್ ಒಲೆಯ ಮೇಲಿನ ಮೊಟ್ಟೆ ಸೀದುಹೋಗುವವರೆಗೆ ಅಲುಗಾಡಲಿಲ್ಲ.

"ಡೆಲ್‌ಗೆ ಹೇಳಿದ್ಯಾ?"

"ಇಲ್ಲ."

"ಮೊದಲು ಅವಳಿಗೆ ಹೇಳು. ಆಮೇಲೆ ನನ್ನ ಹತ್ರ ಮಾತಾಡು."

ಆಸ್ಪತ್ರೆ ಎಂಬತ್ತು ಮೈಲಿ ದೂರ. ಎರಡು ಸಲ ಅಲ್ಲಿಯ ಕಾರು ನಿಲ್ಲಿಸುವ ಜಾಗದವರೆಗೆ ಹೋಗಿ ವಾಪಸ್ ಬಂದ. ಮೂರನೆಯ ಸಲ ಒಳಗೆ ಹೋದ. ಡೆಲ್ ಮಕ್ಕಳ ಉತ್ತರಪತ್ರಿಕೆ ತಿದ್ದುತ್ತಿದ್ದಳು, ಕಾಲು ಮೇಲಕ್ಕೆ ಕಟ್ಟಿತ್ತು. ಇದನ್ನು ನನಗೆ ಹೇಳಿದ್ದು ಓರಿನ್ ಅಲ್ಲ, ಡೆಲ್.

"ಬನ್ನಿ ಓರಿನ್. ಮುಖ ಯಾಕೆ ಹಾಗಿದೆ? ಕಾಲು ಮುರಿದಿರೋದು ನಂದು."

ಅವನು ನಿಂತೇ ಹೇಳಿದ. ಗುರುವಾರದ ಇಳಿತ, ಶೆಡ್ಡು, ಗುಂಡಿ, ಎಲ್ಲ. ಸಮರ್ಥನೆಯ ಒಂದು ಮಾತು ಸೇರಿಸಲಿಲ್ಲ. ಅವಳು ಕೆಂಪು ಪೆನ್ನಿನ ಮುಚ್ಚಳ ಹಾಕಿದಳು.

"ನಾನು ಹೋಗ್ಲಾ ಅಂತ ಕೇಳ್ದಾಗ ನೀನು ಅದನ್ನ ಆರಿಸಿ ಬಂದಿದ್ದೆ."

"ಹೌದು."

"ಎರಡು ಸಲ ಕೇಳ್ದೆ."

"ಹೌದು, ಎರಡು ಸಲ."

"ಅಲ್ಲಿ ಯಾರೂ ಇಲ್ಲ ಅಂತ ಗೊತ್ತಿದ್ದೂ ನೀನು ಒಂದು ಗಂಟೆ ಅಂದೆ. ಅಳತೆ ಮಾಡಿ ಕೊಟ್ಟೆ."

ಓರಿನ್ ಏನೋ ಹೇಳಲು ಹೋದ. "ಬೇಡ," ಎಂದಳು ಡೆಲ್. "ಮನೆಗೆ ಹೋಗು ಓರಿನ್. ನಾನು ಯಾರಿಗೂ ಹೇಳಲ್ಲ. ಅದು ನಿನ್ನ ಕೆಲಸ."

ಮುಂದಿನ ಮಂಗಳವಾರ ದಳದ ಸಭೆ. ಹಿಂದಿನ ಸಭೆಯ ವರದಿ ಓದಿ ಮುಗಿಸಿದ ಮೇಲೆ ಓರಿನ್ ಎದ್ದು ನಿಂತು ಅದೇ ಮಾತುಗಳನ್ನು ಅದೇ ಕ್ರಮದಲ್ಲಿ ಹೇಳಿದ. ಗಸ್ ಕಟ್ಟು ಹಾಕಿದ ಕೈಯನ್ನು ಮೇಜಿನ ಮೇಲಿಂದ ತೆಗೆದು ತೊಡೆಯ ಮೇಲಿಟ್ಟುಕೊಂಡ. ಆಗ ಅಣ್ಣತಮ್ಮಂದಿರಲ್ಲಿ ಕಿರಿಯವನು, ಮೌನ ತಡೆಯಲಾರದೆ ಇರಬೇಕು, "ಹಂಗಾದ್ರೆ ನಿಯಮ ಮೂರು ಸಲ ಹೇಳ್ಬೇಕಲ್ಲ ಓರಿನ್?" ಎಂದುಬಿಟ್ಟ.

ಒಬ್ಬರಿಬ್ಬರು ನಕ್ಕರು. ಓರಿನ್ ನಿಜವಾಗಿ ಹೇಳತೊಡಗಿದ. "ಇಳಿದ ಮೇಲೆ, ಇಂಜಿನ್ ಆರಿಸೋ ಮುಂಚೆ..."

"ಸಾಕು," ಎಂದರು ಹಲ್ಲಿನ ಡಾಕ್ಟರು. "ಕೂತ್ಕೋ ಮಾರಾಯ, ಸಾಕು. ನೋಡೋಕಾಗ್ತಿಲ್ಲ."

ಅವನು ಕೂರಲಿಲ್ಲ, ಹೊರಟುಹೋದ. ರಾಜ್ಯದ ಕಚೇರಿಗೆ ತಾನೇ ಪತ್ರ ಬರೆದ. ಅವರು ಅವನನ್ನು ಮುಖ್ಯಸ್ಥನ ಸ್ಥಾನದಿಂದ ತೆಗೆದರು. ಹಾರುವ ಪರವಾನಗಿಯನ್ನು ಅವನೇ ಹಿಂತಿರುಗಿಸಿದ. ಅಯೋನ್‌ಳ ಮನೆಗೂ ಹೋದ. ಅವಳು ಬಾಗಿಲಲ್ಲೇ ನಿಲ್ಲಿಸಿ ಕೇಳಿದಳು.

"ಮೂರು ದಿನ ನನ್ನ ತಮ್ಮ ಸತ್ತ ಅಂತ ಅತ್ತೆ. ಅವನು ಮಾಡಿದ್ದೆಲ್ಲ ಕ್ಷಮಿಸಿಬಿಟ್ಟಿದ್ದೆ. ಈಗ ಫೋನ್ ಮಾಡಿ ಚಳಿಗಾಲಕ್ಕೆ ಇಲ್ಲಿಗೇ ಬರ್ತೀನಿ ಅಂತಾನೆ. ಬೇಡ ಅನ್ನೋಕೆ ಬಾಯಿ ಬರ್ತಿಲ್ಲ. ನಿಮಗೆ ಬಯ್ಯಲೋ ಏನ್ಮಾಡಲೋ ಗೊತ್ತಾಗ್ತಿಲ್ಲ."

"ಬಯ್ಯಿ," ಎಂದ ಓರಿನ್.

ಬೈದಳು. ಚೆನ್ನಾಗಿಯೇ ಬೈದಳು. ಅವಳ ಗಂಡ ಕೊಟ್ಟಿಗೆಯಿಂದ ಹೊರಗೆ ಬಂದು ನೋಡಿ ಮತ್ತೆ ಒಳಗೆ ಹೋದನಂತೆ.

ಊರಲ್ಲಿ ಯಾರೂ ಅವನನ್ನು ಕೆಲಸಕ್ಕೆ ಕರೆಯುವುದನ್ನು ಬಿಡಲಿಲ್ಲ. ಅರವತ್ತು ಮೈಲಿಯಲ್ಲಿ ಫರ್ನೇಸ್ ಬಲ್ಲವನು ಅವನೊಬ್ಬನೇ. ಬೂಟು ಕಳಚಿ ಮೊದಲಿನಂತೆಯೇ ಇಳಿಯುತ್ತಿದ್ದ, ಆದರೆ ಸಿಳ್ಳೆ ನಿಂತಿತ್ತು. ಹೊರಡುವಾಗ ಯಾರಾದರೂ ಏನಾದರೂ ಕೊಟ್ಟರೆ ಕೈ ಹಿಂದಕ್ಕೆ ಕಟ್ಟಿಕೊಂಡು ತಲೆಯಾಡಿಸುತ್ತಿದ್ದ. ಆ ಜನವರಿಯಲ್ಲಿ ಡೆಲ್‌ಳ ಮನೆಯ ಫರ್ನೇಸ್ ಕೆಟ್ಟಿತು. ಅವಳು ಒಂದು ದಿನ ಕೋಟು ಹೊದ್ದು ಕೂತು ನೋಡಿ, ಕೊನೆಗೆ ಅವನಿಗೇ ಫೋನು ಮಾಡಿದಳು. ಅವನು ಹೊರಬಾಗಿಲಿಂದ ನೇರ ನೆಲಮಾಳಿಗೆಗೆ ಇಳಿದ. ಅಲ್ಲಿ ಅವಳ ಬೇಸಿಗೆಯ ಬಟ್ಟೆಗಳ ಪೆಟ್ಟಿಗೆ, ಸ್ಕೀ ಹಲಗೆಗಳು, ಬಟ್ಟೆ ಒಗೆಯುವ ಯಂತ್ರ, ಎಲ್ಲದರ ಮೇಲೂ ಮೂರು ತಿಂಗಳ ಧೂಳು. ಆ ಕಾಲಿಟ್ಟುಕೊಂಡು ಅವಳು ಮೆಟ್ಟಿಲಿಳಿಯುವ ಹಾಗಿರಲಿಲ್ಲ. ಓರಿನ್ ಕೆಲಸ ಮುಗಿಸಿ ಮೇಲಕ್ಕೆ ಕೂಗಿ ಕೇಳಿದ: ಬಟ್ಟೆ ಯಂತ್ರ ಮೇಲಕ್ಕೆ ತಂದು ಜೋಡಿಸಲಾ? "ಅಡುಗೆಮನೆ ಮೂಲೆಗಿಡು," ಎಂದಳು. ಅಷ್ಟೇ ಮಾತು.

ದಳವನ್ನು ಮಾತ್ರ ಅವನು ಬಿಡಲಿಲ್ಲ. ಬಿಟ್ಟಿದ್ದರೆ ಅವನಿಗೂ ಸುಲಭ, ನಮಗೂ ಸುಲಭ. ಸುಳ್ಳು ಕೂಗುಗಳನ್ನು ನೆಲದ ಮೇಲೆ ಹುಡುಕುವ, ಯಾರಿಗೂ ಬೇಡದ ಕೆಲಸವನ್ನು ಕೇಳಿ ತೆಗೆದುಕೊಂಡ. ಬರುವ ಕೂಗುಗಳಲ್ಲಿ ಹೆಚ್ಚಿನವು ಸುಳ್ಳೇ: ಯಾರದೋ ಹ್ಯಾಂಗರಿನಲ್ಲಿ, ಗುಜರಿಯಲ್ಲಿ, ಟ್ರಕ್ಕಿನ ಹಿಂಭಾಗದಲ್ಲಿ. ಕಣ್ಣು ಸಾಲದ್ದರಿಂದ ಪಿಕಪ್ ಓಡಿಸಲು ಒಬ್ಬರು ಬೇಕಿತ್ತು. ಹತ್ತು ವರ್ಷ ನಾನೇ ಓಡಿಸಿದೆ. ಪೆಟ್ಟಿಗೆ ಸಿಕ್ಕಾಗ ಅದರ ಯಜಮಾನ ಕೆಂಪಾಗಿ, "ಹೆಂಗಾಯ್ತೋ ಗೊತ್ತಿಲ್ಲ ಸ್ವಾಮಿ, ಯಾರಿಗೂ ಹೇಳ್ಬೇಡಿ" ಎನ್ನುತ್ತಿದ್ದ. ಓರಿನ್ ಗದರುತ್ತಿರಲಿಲ್ಲ. "ನಾನು ಹೇಳಲ್ಲ. ಫೋನ್ ಎಲ್ಲಿದೆ? ನೀವೇ ಹೇಳಿ, ನಾನು ಇಲ್ಲೇ ನಿಂತಿರ್ತೀನಿ," ಎನ್ನುತ್ತಿದ್ದ. ಆ ಮನುಷ್ಯ ಫೋನಿನಲ್ಲಿ ತಡವರಿಸಿ ಒಪ್ಪಿಕೊಳ್ಳುವವರೆಗೆ ಟೋಪಿ ಕೈಯಲ್ಲಿ ಹಿಡಿದು ಕಾಯುತ್ತಿದ್ದ.

ಅಂಥ ಒಂದು ದಿನ ವಾಪಸ್ ಬರುವಾಗ ನಾನು ನನ್ನದನ್ನು ಹೇಳಿದೆ. ವರ್ಷಗಳಿಂದ ಒಳಗೇ ಇತ್ತು.

"ಓರಿನ್, ಆವತ್ತು ಪುಸ್ತಕದಲ್ಲಿ ಎರಡೂ ಹೊತ್ತು ನಾನೇ ಬರೆದಿದ್ದೆ. ಆಗಲೇ ನಂಗೆ ಅನುಮಾನ ಬಂದಿತ್ತು. ಡೆಲ್ ಆಗ ಇನ್ನೂ ರನ್‌ವೇ ಮೇಲೇ ಇದ್ಲು."

ಅವನು ಕಿಟಕಿಯ ಹೊರಗೆ ನೋಡುತ್ತಿದ್ದ. "ಗೊತ್ತು. ನೀನು ಪುಟ ತಿರುಗಿಸಿದ್ದು ನೋಡಿದೆ."

"ಏನೂ ಅನ್ನಲಿಲ್ಲ ನೀನು."

"ನೀನು ಕೇಳ್ತೀಯ ಅಂತ ಕಾಯ್ತಿದ್ದೆ ನಡೀನ್. ಯಾರಾದ್ರೂ ಒಬ್ರು ಕೇಳಿದ್ರೆ ಸಾಕಿತ್ತು." ಆಮೇಲೆ ನನ್ನ ಕಡೆ ತಿರುಗಿ, "ಹಂಗಂತ ನಿನ್ನ ಮೇಲೆ ಹಾಕ್ತಿಲ್ಲ ನಾನು," ಎಂದ.

ಆ ರಸ್ತೆಯಲ್ಲಿ ಇನ್ನೂ ನಲವತ್ತು ಮೈಲಿ ಇತ್ತು.

ತೊಂಬತ್ತೆಂಟರ ಮಾರ್ಚಿನಲ್ಲಿ ಓರಿನ್ ಹೃದಯ ನಿಂತು ತೀರಿಕೊಂಡ. ಪತ್ರಿಕೆಗೆ ಕೊಡುವ ಮರಣವಾರ್ತೆ ಬರೆಯಲು ಲವಾನ್ ನನ್ನನ್ನು ಕರೆದಳು. ಅಡುಗೆಮನೆಯ ಮೇಜಿನ ಮುಂದೆ ಕೂತು ಹುಟ್ಟು, ಮದುವೆ, ಚರ್ಚು, ಕಸುಬು ಎಲ್ಲ ಬರೆದೆವು. ದಳದ ವಿಷಯ ಬಂದಾಗ ಪೆನ್ನು ನಿಂತಿತು. ಒಂಬತ್ತು ವರ್ಷ ಮುಖ್ಯಸ್ಥನಾಗಿದ್ದ ಎಂದು ಬರೆಯಬೇಡಿ ಎಂದು ಅವನೇ ಹೇಳಿಹೋಗಿದ್ದ. ಕೊನೆಗೆ ಲವಾನ್ ಬರೆದಳು: ರಾಜ್ಯದ ಹುಡುಕಾಟಗಳಿಗೆ ಇಪ್ಪತ್ತು ವರ್ಷ ನೆರವಾದವರು.

"ಡೆಲ್‌ಗೆ ಓದಿ ಹೇಳ್ತೀನಿ," ಎಂದು ಫೋನೆತ್ತಿಕೊಂಡಳು. ಆ ಸಾಲನ್ನು ಓದಿದಳು.

"ಬೇಡಾಂದ್ರೆ ತೆಗೆದುಬಿಡ್ತೀನಮ್ಮ," ಎಂದಳು.

"ತೆಗೀಬೇಡಿ," ಎಂದಳಂತೆ ಡೆಲ್. "ಆದ್ರೆ ನೆರವಾದವರು ಅನ್ನೋದು ಬೇಡ. ಹೋಗ್ತಿದ್ದವರು ಅಂತ ಹಾಕಿ. ಅಷ್ಟು ನಿಜ."

ಲವಾನ್ ಆ ಪದವನ್ನು ಹೊಡೆದು ಹಾಕಿ ಹಾಗೆಯೇ ಬರೆದಳು. ಪತ್ರಿಕೆಯಲ್ಲೂ ಹಾಗೆಯೇ ಬಂತು.